ಕೌಂಟರಿನಲ್ಲಿ ದಿನಾ ಕೇಳುವ ಪ್ರಶ್ನೆಗಳು: ನಮ್ಮೂರ ಸಾರ್ವಜನಿಕ ಗ್ರಂಥಾಲಯದ ಸೇವೆಗಳು, ಹೊಸ ಪುಸ್ತಕಗಳು

ನಮ್ಮದು ಮಲೆನಾಡಿನ ಅಂಚಿನಲ್ಲಿರುವ ಒಂದು ತಾಲ್ಲೂಕು ಕೇಂದ್ರದ ಗ್ರಂಥಾಲಯ. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ಒಂದು ದೊಡ್ಡ ಹಾಲ್, ಹಿಂದೊಂದು ಪುಸ್ತಕದ ಕೋಣೆ, ಪಕ್ಕಕ್ಕೆ ಮಕ್ಕಳ ಮೂಲೆ. ಕೌಂಟರಿನಲ್ಲಿ ಕೂತವರಿಗೆ ದಿನವಿಡೀ ಅವೇ ಹತ್ತಿಪ್ಪತ್ತು ಪ್ರಶ್ನೆಗಳು. ಕೇಳುವವರು ಹೇಗೂ ಕೇಳುತ್ತಾರೆ, ಅವರ ಚಿಂತೆ ನಮಗಿಲ್ಲ. ಚಿಂತೆ ಇರುವುದು ಬಾಗಿಲ ತನಕ ಬಂದು, ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗದೆ, ಒಳಗೆ ಇಣುಕಿ ನೋಡಿ ವಾಪಸ್ ಹೋಗುವವರದ್ದು. ಈ ಪುಟ ಹೆಚ್ಚಾಗಿ ಅವರಿಗೆ. ಮೊದಲೇ ಹೇಳಿಬಿಡುತ್ತೇವೆ: ಚಪ್ಪಲಿ ಹಾಕಿಕೊಂಡೇ ಬನ್ನಿ. ಮಳೆಗಾಲದಲ್ಲಿ ಕೊಡೆಯನ್ನು ಮಾತ್ರ ಹೊರಗಿನ ಬಕೆಟ್ಟಿನಲ್ಲಿ ಇಡಿ.

ಒಳಗೆ ಬಂದು ಕೂತು ಓದೋಕೆ ದುಡ್ಡು ಕೊಡಬೇಕಾ? ಸದಸ್ಯರಾಗಿರಬೇಕಾ?

ಎರಡೂ ಬೇಡ. ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಹೆಸರು ಬರೆದು ಸಹಿ ಹಾಕಿದರೆ ಆಯ್ತು. ಪೇಪರ್ ಓದಿ, ವಾರಪತ್ರಿಕೆ ಓದಿ, ಕಪಾಟಿನಿಂದ ಪುಸ್ತಕ ತೆಗೆದು ಸಂಜೆವರೆಗೂ ಕೂತಿರಿ. ಯಾರೂ ಏಳಿ ಅನ್ನುವುದಿಲ್ಲ.

ಇನ್ನು ದುಡ್ಡಿನ ಮಾತು. ಅದನ್ನು ನೀವು ಆಗಲೇ ಕೊಟ್ಟಾಗಿದೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದಾಗ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. ಆ ಕಾಯ್ದೆಯ ಬಲದಿಂದಲೇ ಈ ಕರ. ಈಗ ಅದು ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ. ವರ್ಷಕ್ಕೆ 2,000 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ 120 ರೂಪಾಯಿ ಪುಸ್ತಕಕ್ಕೆ ಅಂತ ಬರುತ್ತದೆ. ಪುರಸಭೆ ಅದನ್ನು ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ನಾವು ಬಾಡಿಗೆ ಮನೆಯವರು ಅಂತೀರಾ? ಮಾಲೀಕರು ಅದನ್ನು ಬಾಡಿಗೆಯಲ್ಲಿ ಸೇರಿಸದೇ ಬಿಟ್ಟಿರುತ್ತಾರಾ? ಹಾಗಾಗಿ ಸಂಕೋಚ ಬೇಡ, ನೀವು ಯಾರ ಮನೆಗೋ ನೆಂಟರಾಗಿ ಬರುತ್ತಿಲ್ಲ.

ಯಾವಾಗ ತೆರೆದಿರುತ್ತೀರಿ?

ಬೆಳಿಗ್ಗೆ 8:30ರಿಂದ ರಾತ್ರಿ 8ರವರೆಗೆ. ವಾರದ ರಜೆ ಸೋಮವಾರ, ಭಾನುವಾರ ಅಲ್ಲ. ಭಾನುವಾರ ಬಾಗಿಲು ಹಾಕಿರುತ್ತದೆ ಅಂದುಕೊಂಡು ಎಷ್ಟೋ ಜನ ಬರುವುದೇ ಇಲ್ಲ. ಆಮೇಲೆ ಸೋಮವಾರ ಬಂದು ಬೀಗ ನೋಡಿ ಬೈದುಕೊಳ್ಳುತ್ತಾರೆ. ಸರ್ಕಾರಿ ರಜೆಯ ಪಟ್ಟಿ ಗೇಟಿಗೆ ಅಂಟಿಸಿದೆ.

ಪುಸ್ತಕ ಮನೆಗೆ ಒಯ್ಯಬೇಕು. ಏನು ಮಾಡಬೇಕು?

ಅದಕ್ಕೆ ಸದಸ್ಯತ್ವ ಬೇಕು. ಅರ್ಜಿ ಕೌಂಟರಿನಲ್ಲೇ ಸಿಗುತ್ತದೆ. ಆಧಾರ್ ಪ್ರತಿ, ಎರಡು ಫೋಟೊ, ಒಂದು ಸಣ್ಣ ಠೇವಣಿ. ಠೇವಣಿ ಅಂದರೆ ಫೀಸ್ ಅಲ್ಲ, ಸದಸ್ಯತ್ವ ಬಿಟ್ಟಾಗ ವಾಪಸ್ ಬರುತ್ತದೆ. ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ. ಇಪ್ಪತ್ತು ವರ್ಷದ ಹಿಂದಿನ ರಸೀದಿ ತಂದು, 'ಇದು ಇನ್ನೂ ನಡೆಯುತ್ತಾ?' ಅಂತ ಕೇಳಿದವರಿದ್ದಾರೆ. ನಡೆಯಿತು.

ಅರ್ಜಿ ತುಂಬೋಕೆ ಬರದಿದ್ದರೆ ಹೇಳಿ, ನಾವೇ ತುಂಬಿ ಕೊಡುತ್ತೇವೆ.

ಎಷ್ಟು ದಿನ ಇಟ್ಟುಕೊಳ್ಳಬಹುದು? ತಡವಾದರೆ?

15 ದಿನ. ಓದಿ ಮುಗಿಯದಿದ್ದರೆ ಇನ್ನೊಮ್ಮೆ ಬರೆಸಿಕೊಳ್ಳಿ. ಆದರೆ ಬೇರೆ ಯಾರಾದರೂ ಅದೇ ಪುಸ್ತಕಕ್ಕೆ ಕಾಯುತ್ತಿದ್ದರೆ ಕೊಡೋಕಾಗಲ್ಲ. ತಡವಾದರೆ ಸಣ್ಣ ದಂಡ ಇದೆ. ಅದಕ್ಕೆ ಹೆದರಿ ಪುಸ್ತಕವನ್ನೇ ವಾಪಸ್ ಕೊಡದೆ ಮನೆಯಲ್ಲಿ ಬಚ್ಚಿಡಬೇಡಿ. ಮೂರು ವರ್ಷ ತಡವಾಗಿದೆ ಅಂತ ನಾಚಿಕೊಂಡು, ಕತ್ತಲಾದ ಮೇಲೆ ಗೇಟಿನ ಸಂದಿಯಲ್ಲಿ ಪುಸ್ತಕ ತೂರಿಸಿ ಹೋದವರೂ ಇದ್ದಾರೆ. ಪುಣ್ಯಕ್ಕೆ ಅವತ್ತು ಮಳೆ ಬಂದಿರಲಿಲ್ಲ. ಹಗಲಲ್ಲೇ ಬನ್ನಿ. ನಮಗೆ ದಂಡಕ್ಕಿಂತ ಪುಸ್ತಕ ಮುಖ್ಯ.

ಪುಸ್ತಕ ನೆನೆದುಹೋಯ್ತು, ಹರಿಯಿತು, ಕಳೆದುಹೋಯ್ತು. ಈಗ?

ಕಳೆದುಹೋದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದುಕೊಡಿ. ಅಂಗಡಿಯಲ್ಲಿ ಸಿಗದಿದ್ದರೆ ಬೆಲೆ ಕಟ್ಟಬೇಕಾಗುತ್ತದೆ.

ಹರಿದ ಹಾಳೆಗೆ ದಯವಿಟ್ಟು ಸೆಲ್ಲೊಟೇಪ್ ಹಚ್ಚಬೇಡಿ. ಹಚ್ಚಿದಾಗ ಚೆನ್ನಾಗೇ ಕಾಣುತ್ತದೆ. ನಾಲ್ಕೈದು ವರ್ಷದಲ್ಲಿ ಟೇಪು ಒಣಗಿ ಉದುರುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಕಲೆಯಾಗಿ ಉಳಿಯುತ್ತದೆ. ಹರಿದಿದ್ದನ್ನು ಹಾಗೇ ತನ್ನಿ, ನಮ್ಮಲ್ಲಿ ತೆಳ್ಳನೆ ಕಾಗದ, ಮೈದಾ ಅಂಟು ಇದೆ.

ನೆನೆದ ಪುಸ್ತಕದ ಕಥೆಯೇ ಬೇರೆ. ಆಷಾಢದಲ್ಲಿ ಪ್ರತಿ ವಾರ ಒಂದಾದರೂ ಬರುತ್ತದೆ. ಒಮ್ಮೆ ಒಬ್ಬರು ಒದ್ದೆ ಪುಸ್ತಕವನ್ನು ಬಚ್ಚಲು ಒಲೆಯ ಪಕ್ಕ ಅಡಿಕೆ ಒಣಗಿಸಿದ ಹಾಗೆ ಒಣಗಿಸಿ ತಂದಿದ್ದರು. ಬೆನ್ನಿನ ಅಂಟು ಸೀಳಿ, ರಟ್ಟು ಹಪ್ಪಳದ ಹಾಗೆ ಡೊಂಕಾಗಿತ್ತು. ಪುಸ್ತಕದ ಹೊಗೆ ವಾಸನೆ ಇನ್ನೂ ಹೋಗಿಲ್ಲ. ಬೆಂಕಿ, ಬಿಸಿಲು ಎರಡೂ ಬೇಡ. ಮೊದಲು ಒಣ ಬಟ್ಟೆಯಲ್ಲಿ ಹೊರಗಿನ ನೀರು ಒತ್ತಿ ತೆಗೆಯಿರಿ. ಹತ್ತಿಪ್ಪತ್ತು ಪುಟಕ್ಕೊಂದರಂತೆ ನೀರು ಹೀರುವ ಬಿಳಿ ಕಾಗದ ಇಟ್ಟು, ಪುಸ್ತಕವನ್ನು ಬೀಸಣಿಗೆಯ ಹಾಗೆ ಸ್ವಲ್ಪ ಬಿಡಿಸಿ ನಿಲ್ಲಿಸಿ, ಫ್ಯಾನ್ ಹಾಕಿ. ಕಾಗದ ಒದ್ದೆಯಾದಾಗಲೆಲ್ಲ ಬದಲಿಸಿ. ಪೂರ್ತಿ ಒಣಗಿದ ಮೇಲೆ ಭಾರ ಹೇರಿ ಒಂದೆರಡು ದಿನ ಬಿಡಿ. ಇಷ್ಟೆಲ್ಲ ಆಗಲ್ಲ ಅಂದರೆ ತಕ್ಷಣ ನಮ್ಮಲ್ಲಿಗೆ ತನ್ನಿ. ಎರಡು ದಿನ ಕಳೆದರೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಅದನ್ನು ಪಕ್ಕದ ಪುಸ್ತಕಗಳ ಜೊತೆ ಇಡೋಕೇ ಆಗಲ್ಲ.

ಹೊಸ ಪುಸ್ತಕ ಅಂಗಡಿಗೆ ಬಂದು ವರ್ಷವಾಯ್ತು. ನಿಮ್ಮಲ್ಲಿ ಯಾಕಿಲ್ಲ?

ಇದು ನಿಜವಾದ ದೂರು. ನಾವೂ ಒಪ್ಪುತ್ತೇವೆ. ಆದರೆ ಪುಸ್ತಕ ಇಲ್ಲಿಗೆ ಬರುವ ದಾರಿ ಸ್ವಲ್ಪ ಉದ್ದ.

ಹೆಚ್ಚಿನ ಕನ್ನಡ ಪುಸ್ತಕಗಳು ಬರುವುದು ರಾಜ್ಯದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ. ಪ್ರಕಾಶಕರು, ಲೇಖಕರು ತಮ್ಮ ಆ ವರ್ಷದ ಪುಸ್ತಕಗಳನ್ನು ಆಯ್ಕೆಗೆ ಕಳಿಸುತ್ತಾರೆ. ಆಯ್ಕೆ ಸಮಿತಿ ನೋಡುತ್ತದೆ. ಒಪ್ಪಿಗೆಯಾದ ಮೇಲೆ ಆದೇಶ, ಆಮೇಲೆ ಪ್ರತಿಗಳು ಜಿಲ್ಲೆಗೆ, ಜಿಲ್ಲೆಯಿಂದ ನಮ್ಮ ಹಾಗಿನ ಶಾಖೆಗೆ. ಇನ್ನೊಂದು ದಾರಿ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ. 1972ರಲ್ಲಿ ಶುರುವಾದ ಈ ಕೇಂದ್ರ ಸರ್ಕಾರಿ ಸಂಸ್ಥೆ ರಾಜ್ಯಗಳ ಜೊತೆ ಸೇರಿ ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಕೊಡಿಸುತ್ತದೆ. ಮೂರನೆಯದು ದಾನ. ಅದರ ಬಗ್ಗೆ ಮುಂದೆ ಹೇಳುತ್ತೇವೆ.

ಪೆಟ್ಟಿಗೆ ಬಂದ ದಿನವೇ ಪುಸ್ತಕ ಕೈಗೆ ಸಿಗಲ್ಲ. ಅದಕ್ಕೂ ಜನ ಬೈಯುತ್ತಾರೆ. ಆ ಮಧ್ಯೆ ಏನು ನಡೆಯುತ್ತದೆ ಅಂತ ಒಂದ್ಸಲ ಒಳಗೆ ಬಂದು ನೋಡಿ. ಮೊದಲು ಬಿಲ್ಲಿನ ಜೊತೆ ತಾಳೆ ನೋಡುತ್ತೇವೆ. ಆಮೇಲೆ ಒಂದೊಂದೇ ಪುಸ್ತಕದ ಪುಟ ಮಗುಚುವುದು. ಬೈಂಡಿಂಗ್‌ನಲ್ಲಿ ಹದಿನಾರು ಪುಟ ಬಿಟ್ಟುಹೋಗಿರುತ್ತದೆ, ಇಲ್ಲ ಅವೇ ಹದಿನಾರು ಪುಟ ಎರಡು ಸಲ ಸೇರಿರುತ್ತದೆ. ಇದನ್ನು ಈಗಲೇ ಹಿಡಿಯದಿದ್ದರೆ ಪತ್ತೇದಾರಿ ಕಾದಂಬರಿ ಓದುವವರು ಕೊಲೆಗಾರ ಸಿಕ್ಕುವ ಹೊತ್ತಿಗೆ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಆಮೇಲೆ ಪರಿಗ್ರಹಣ ವಹಿ. ಅದು ಉದ್ದನೆಯ ದಪ್ಪ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರಲ್ಲಿ ಒಂದು ಸಾಲು, ಒಂದು ಸಂಖ್ಯೆ. ಪುಸ್ತಕ ಹಾಳಾಗಿ ತೆಗೆದುಹಾಕಿದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ನಂತರ ಮುದ್ರೆ: ಶೀರ್ಷಿಕೆ ಪುಟಕ್ಕೊಂದು, ಕೊನೆಯ ಪುಟಕ್ಕೊಂದು, ನಡುವೆ ಒಂದು ಗುಟ್ಟಿನ ಪುಟಕ್ಕೊಂದು. ಆ ಗುಟ್ಟಿನ ಪುಟ ಯಾವುದು ಅಂತ ಕೇಳಬೇಡಿ. ಮೊದಲ ಹಾಳೆ ಕಿತ್ತು 'ಇದು ನಂದೇ' ಅನ್ನುವವರಿಗೆ ಅದು ನಮ್ಮ ಉತ್ತರ. ಬೆನ್ನಿಗೆ ಚೀಟಿ, ಒಳರಟ್ಟಿಗೆ ದಿನಾಂಕದ ಚೀಟಿ, ಅಂಟು ಒಣಗಲು ಒಂದು ರಾತ್ರಿ. ಅಲ್ಲಿಗೆ ಪುಸ್ತಕ ಹೊಸ ಬರವುಗಳ ಕಪಾಟಿಗೆ ಬರುತ್ತದೆ.

ಆ ದಿನಾಂಕದ ಚೀಟಿಯನ್ನು ಒಮ್ಮೆ ಗಮನಿಸಿ. ಹಳೆ ಪುಸ್ತಕಗಳಲ್ಲಿ ಒಂದರ ಮೇಲೊಂದು ಮೂರು ನಾಲ್ಕು ಚೀಟಿ ಅಂಟಿಸಿರುತ್ತೇವೆ. ಕೆಲವು ಪುಸ್ತಕ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಹೊರಗೆ ಹೋಗಿರುತ್ತವೆ. ಕೆಲವಕ್ಕೆ ಹನ್ನೊಂದು ವರ್ಷ ಮುದ್ರೆಯೇ ಇಲ್ಲ, ಇದ್ದಕ್ಕಿದ್ದಂತೆ ಒಂದೇ ತಿಂಗಳಲ್ಲಿ ಮೂರು. ಯಾರೋ ಕಾಲೇಜಿನಲ್ಲಿ ಅದನ್ನು ಪಠ್ಯ ಮಾಡಿರುತ್ತಾರೆ.

ಈ ಸಲದ ಹೊಸ ಬರವುಗಳಲ್ಲಿ ಏನೇನಿದೆ?

ಪೂರ್ತಿ ಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ. ಇಲ್ಲಿ ಜನ ಜಾಸ್ತಿ ಕೇಳುತ್ತಿರುವುದನ್ನಷ್ಟೇ ಹೇಳುತ್ತೇವೆ.

ಬಾನು ಮುಷ್ತಾಕ್ ಅವರ ಕಥೆಗಳು. 2025ರ ಮೇ ತಿಂಗಳಲ್ಲಿ ಹಾಸನದ ಈ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ, ಒಂದು ದಿನವೂ ಈ ಪ್ರಶ್ನೆ ತಪ್ಪಿಲ್ಲ. 'ಇಂಗ್ಲಿಷಿನದ್ದು ಬೇಡ, ಮೂಲ ಕನ್ನಡದ್ದು ಕೊಡಿ' ಅನ್ನುತ್ತಾರೆ. ಸರಿಯಾದ ಮಾತೇ. ಆದರೆ ಒಂದು ತೊಡಕಿದೆ. ಇಂಗ್ಲಿಷ್ ಪುಸ್ತಕದಲ್ಲಿರುವ 12 ಕಥೆಗಳು ಅವರ ಬೇರೆ ಬೇರೆ ಸಂಕಲನಗಳಿಂದ ಆರಿಸಿದವು. ಮೂರು ದಶಕಕ್ಕೂ ಹೆಚ್ಚು ಕಾಲದಲ್ಲಿ ಬರೆದವು. ಹಾಗಾಗಿ ಹಳೆಯ ಒಂದೇ ಸಂಕಲನ ಕೊಟ್ಟರೆ ಎಲ್ಲ ಕಥೆ ಸಿಗುವುದಿಲ್ಲ. ಯಾವ ಕಥೆ ಬೇಕು ಅಂತ ಹೇಳಿ, ಅದು ಇರುವ ಪುಸ್ತಕ ಹುಡುಕಿ ಕೊಡುತ್ತೇವೆ.

ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ಅವರ ಕಾದಂಬರಿಗಳಿಗೆ ಮತ್ತೆ ಸಾಲು ಹತ್ತಿದೆ. 1979ರಲ್ಲಿ ಮೊದಲು ಬಂದ 'ಪರ್ವ'ದ ನಮ್ಮ ಹಳೆ ಪ್ರತಿಗೆ ಬೈಂಡಿಂಗ್ ಬಿಟ್ಟಿತ್ತು. ಈಗ ಹೊಸ ಮುದ್ರಣ ಬಂದಿದೆ. ಅದು ಯಾವಾಗ ನೋಡಿದರೂ ಹೊರಗೇ ಇರುತ್ತದೆ, ಮುಂಗಡವಾಗಿ ಹೆಸರು ಬರೆಸಿ.

ಉಳಿದಂತೆ ಸಣ್ಣ ಪ್ರಕಾಶನಗಳ ಮೊದಲ ಕಥಾಸಂಕಲನಗಳು ಒಂದಿಷ್ಟು ಬಂದಿವೆ. ಹೆಸರು ಕೇಳಿರದ ಲೇಖಕರು ಅಂತ ಜನ ಮುಟ್ಟುವುದಿಲ್ಲ. ಕಿಟಕಿ ಪಕ್ಕದ ಮೇಜಿನ ಮೇಲೆ ಮುಖ ಕಾಣುವ ಹಾಗೆ ನಿಲ್ಲಿಸಿದ್ದೇವೆ. ಒಂದು ಕಥೆ ಅಲ್ಲೇ ನಿಂತು ಓದಿ ನೋಡಿ. ಅಡುಗೆ, ಕೃಷಿ, ಆರೋಗ್ಯ ಎಂದಿನಂತೆ. ಮಂಕುತಿಮ್ಮನ ಕಗ್ಗಕ್ಕೆ ಇನ್ನೊಂದು ವ್ಯಾಖ್ಯಾನ ಬಂದಿದೆ. ಅದು ಇಲ್ಲದ ಪೆಟ್ಟಿಗೆಯನ್ನು ನಾವಿನ್ನೂ ಒಡೆದಿಲ್ಲ.

ನನಗೆ ಬೇಕಾದ ಪುಸ್ತಕ ನಿಮ್ಮಲ್ಲಿಲ್ಲ. ತರಿಸಿಕೊಡುತ್ತೀರಾ?

ಕೌಂಟರಿನ ಎಡಕ್ಕೆ ಒಂದು ಸಲಹಾ ಪುಸ್ತಕ ತೂಗುಹಾಕಿದೆ. ಅದರಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು, ನಿಮ್ಮ ಫೋನ್ ನಂಬರ್ ಬರೆಯಿರಿ. 'ಒಳ್ಳೆ ಪುಸ್ತಕ ತರಿಸಿ' ಅಂತ ಬರೆದರೆ ನಮಗೆ ಏನೂ ಮಾಡೋಕಾಗಲ್ಲ. ಒಂದೇ ಪುಸ್ತಕವನ್ನು ಐದಾರು ಜನ ಕೇಳಿದ್ದರೆ ಮೇಲಿನವರಿಗೆ ಬರೆಯುವಾಗ ನಮಗೂ ಬಲ ಬರುತ್ತದೆ. ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಇದೆಯಾ ಅಂತಲೂ ವಿಚಾರಿಸಿ ಹೇಳುತ್ತೇವೆ.

ಕಪಾಟಿನಲ್ಲಿ ಪುಸ್ತಕ ಹುಡುಕೋದು ಹೇಗೆ? ಬೆನ್ನಿನ ಮೇಲಿನ ನಂಬರ್ ಏನು?

ಅದು ಪುಸ್ತಕದ ಮನೆ ನಂಬರ್. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಕ್ರಮ. ಲೋಕದ ವಿದ್ಯೆಯನ್ನೆಲ್ಲ ಹತ್ತು ಪಾಲು ಮಾಡಿ ಅಂಕಿ ಕೊಟ್ಟರು. ಕನ್ನಡ ಸಾಹಿತ್ಯಕ್ಕೆ ಸಿಕ್ಕಿದ್ದು 894.814. ಅದರ ಮುಂದೆ 1 ಇದ್ದರೆ ಕವಿತೆ, 2 ನಾಟಕ, 3 ಕಥೆ ಕಾದಂಬರಿ, 4 ಪ್ರಬಂಧ. ಕಾದಂಬರಿ ಬೇಕಾದವರು 894.8143 ನೆನಪಿಟ್ಟರೆ ಸಾಕು, ಎರಡನೇ ಸಾಲಿನ ಐದು ಕಪಾಟು ಪೂರ್ತಿ ಅದೇ. ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ಚಿಕ್ಕದಾಗಿ ಕೊಟ್ಟು ನಮಗೆ ಮಾತ್ರ ಇಷ್ಟುದ್ದದ ಬಾಲ ಯಾಕೆ ಅಂತ ಒಬ್ಬ ಮೇಷ್ಟ್ರು ಪ್ರತಿ ಸಲ ಕೇಳುತ್ತಾರೆ. ನಮಗೂ ಹಾಗೇ ಅನಿಸುತ್ತದೆ.

ತಮಾಷೆ ಅಂದರೆ, ಇದಕ್ಕೆ ಬದಲಾಗಿ ಭಾರತದಲ್ಲೇ ಒಂದು ಕ್ರಮ ಹುಟ್ಟಿತ್ತು. ಎಸ್.ಆರ್. ರಂಗನಾಥನ್ ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಗ್ರಂಥಪಾಲಕರಾದರು. ಕೋಲನ್ ವರ್ಗೀಕರಣ ಅವರದ್ದೇ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ನೆನಪಿಗೆ ಆಗಸ್ಟ್ 12 ಗ್ರಂಥಪಾಲಕರ ದಿನ. ಅವರು ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಬೇಕು ಅನ್ನುವುದು. ಅದನ್ನು ನಂಬಿಕೊಂಡೇ ಹೇಳುತ್ತಿದ್ದೇವೆ: ಹತ್ತು ನಿಮಿಷ ಹುಡುಕಿಯೂ ಸಿಗದಿದ್ದರೆ ಬಂದು ಕೇಳಿ. ತೆಗೆದು ನೋಡಿದ ಪುಸ್ತಕವನ್ನು ಮಾತ್ರ ವಾಪಸ್ ಕಪಾಟಿಗೆ ಸಿಕ್ಕಿಸಬೇಡಿ, ಮೇಜಿನ ಮೇಲೇ ಬಿಡಿ. ತಪ್ಪು ಜಾಗಕ್ಕೆ ಹೋದ ಪುಸ್ತಕವೂ ಕಳೆದುಹೋದ ಪುಸ್ತಕವೂ ನಮಗೆ ಒಂದೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಸ್ವಂತ ಪುಸ್ತಕ ತರಬಹುದಾ? ಸೀಟು ಸಿಗುತ್ತಾ?

ತರಬಹುದು. ಪಿಡಿಒ, ಪಿಎಸ್ಐ, ಎಫ್‌ಡಿಎ, ಕೆಎಎಸ್, ಶಿಕ್ಷಕರ ಅರ್ಹತಾ ಪರೀಕ್ಷೆ, ಏನೇ ಇರಲಿ, ಹಳೆ ಪ್ರಶ್ನೆಪತ್ರಿಕೆಗಳ ಫೈಲು, ಆರನೇ ತರಗತಿಯಿಂದ ಪಿಯುಸಿವರೆಗಿನ ಪಠ್ಯಪುಸ್ತಕಗಳು, ತಿಂಗಳ ಪತ್ರಿಕೆಗಳು ಪ್ರತ್ಯೇಕ ಕಪಾಟಿನಲ್ಲಿವೆ. ಇವನ್ನು ಮನೆಗೆ ಕೊಡುವುದಿಲ್ಲ.

ಸೀಟಿನ ವಿಷಯ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಕಿಟಕಿಯಿಂದ ಕರ್ಚೀಫ್ ಎಸೆದು ಜಾಗ ಹಿಡಿಯುವ ಪದ್ಧತಿ ಬಸ್ಸಿಗೇ ಇರಲಿ. ಪುಸ್ತಕ ಹರಡಿಟ್ಟು ಊಟಕ್ಕೆ ಹೋದವರ ಜಾಗವನ್ನು ಅರ್ಧ ಗಂಟೆ ಕಾಯುತ್ತೇವೆ. ಆಮೇಲೆ ಬೇರೆಯವರಿಗೆ. ಅಧಿಸೂಚನೆ ಹೊರಬಿದ್ದ ವಾರ ಇಡೀ ಹಾಲ್ ತುಂಬಿ, ಮೆಟ್ಟಿಲ ಮೇಲೂ ಜನ ಇರುತ್ತಾರೆ. ಅಂಥ ದಿನಗಳಲ್ಲಿ ಪೇಪರ್ ಓದುವ ಹಿರಿಯರ ಬೆಂಚಿಗೆ ಮಾತ್ರ ಕೈಹಾಕಬೇಡಿ.

ಕೆಲಸ ಸಿಕ್ಕ ಮೇಲೆ ಸಿಹಿ ತರುವವರು ದಯವಿಟ್ಟು ಹೊರಗಿನ ಕಟ್ಟೆಯಲ್ಲಿ ಹಂಚಿ. ಒಳಗೆ ಇರುವೆ ಬಂದರೆ ಕಷ್ಟ.

ಮಕ್ಕಳನ್ನು ಕರೆತರಬಹುದಾ? ಗಲಾಟೆ ಮಾಡಿದರೆ?

ಕರೆತನ್ನಿ. ಮಕ್ಕಳ ಮೂಲೆಯಲ್ಲಿ ಜೋರಾಗಿ ಓದಬಹುದು. 'ಶ್‌' ಅನ್ನುವ ನಿಯಮ ಆ ಗೋಡೆಯ ಈಚೆಗಷ್ಟೇ. ಚಿತ್ರದ ಪುಸ್ತಕಗಳು ಕೆಳಗಿನ ಅರೆಯಲ್ಲಿವೆ, ಅವರ ಕೈಗೆಟುಕುವ ಹಾಗೆ. ಚಂದಮಾಮದ ಹಳೆ ಸಂಚಿಕೆಗಳ ಬೈಂಡು ಇವೆ. ಅವನ್ನು ಓದುವವರು ಮಕ್ಕಳಿಗಿಂತ ಅವರನ್ನು ಕರೆತಂದ ಅಜ್ಜಂದಿರೇ ಜಾಸ್ತಿ. ಶಿವರಾಮ ಕಾರಂತರ 'ಬಾಲಪ್ರಪಂಚ', ನಿರಂಜನರು ಸಂಪಾದಿಸಿದ 'ಜ್ಞಾನಗಂಗೋತ್ರಿ'ಯ ಏಳು ಸಂಪುಟಗಳೂ ಇಲ್ಲಿವೆ. ಅಂಕಿಅಂಶ ಹಳತಾಗಿದ್ದರೂ ಒಂದು ಸಂಗತಿಯನ್ನು ಮಕ್ಕಳಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದು ಹೇಗೆ ಅನ್ನುವುದಕ್ಕೆ ಅವುಗಳ ಮುಂದೆ ಬೇರೆ ಇಲ್ಲ ಅಂತ ನಮ್ಮ ಅಭಿಪ್ರಾಯ. ಹೋಂವರ್ಕಿಗೆ ಚಿತ್ರ ಬೇಕು ಅಂತ ಪುಸ್ತಕದಿಂದ ಕತ್ತರಿಸುವುದನ್ನು ಮಾತ್ರ ಯಾರೂ ಹೇಳಿಕೊಡಬೇಡಿ. ಕೇಳಿದರೆ ಜೆರಾಕ್ಸ್ ಮಾಡಿಸಿ ಕೊಡುತ್ತೇವೆ.

ವಾರಪತ್ರಿಕೆಯ ಪದಬಂಧ ಯಾವಾಗಲೂ ಯಾರೋ ತುಂಬಿರುತ್ತಾರೆ. ಏನಾದರೂ ಮಾಡಿ.

ಗೊತ್ತು. ಪೆನ್ನಲ್ಲೇ ತುಂಬುತ್ತಾರೆ, ತಪ್ಪಾಗಿಯೂ ತುಂಬುತ್ತಾರೆ. ಈಗ ಹೊಸ ಸಂಚಿಕೆ ಬಂದ ಕೂಡಲೇ ಆ ಪುಟದ ಒಂದು ಪ್ರತಿ ತೆಗೆದು ಕೌಂಟರಿನಲ್ಲಿ ಇಟ್ಟಿರುತ್ತೇವೆ. ಬೇಕಾದವರು ಕೇಳಿ ನಕಲು ಮಾಡಿಸಿಕೊಳ್ಳಿ.

ಮನೆಯಲ್ಲೇ ಫೋನಿನಲ್ಲಿ ಓದೋಕಾಗುತ್ತಾ?

ಆಗುತ್ತದೆ. ಇಲಾಖೆಯ ಡಿಜಿಟಲ್ ಗ್ರಂಥಾಲಯ 2020ರಲ್ಲಿ ಶುರುವಾಯಿತು. ಫೋನ್ ನಂಬರ್ ಕೊಟ್ಟು ನೋಂದಾಯಿಸಿಕೊಂಡರೆ ಉಚಿತ. ಪಠ್ಯಪುಸ್ತಕ, ಶಾಲಾ ಮಕ್ಕಳ ಪಾಠದ ವಿಡಿಯೊ ಎಲ್ಲ ಇವೆ. ಓಟಿಪಿ ಬರುವ ತನಕ ಸ್ವಲ್ಪ ತಾಳ್ಮೆ ಬೇಕು, ನಮ್ಮೂರ ನೆಟ್‌ವರ್ಕ್ ನಿಮಗೇ ಗೊತ್ತಲ್ವಾ.

ಬೇರೆಯವೂ ಇವೆ. ಮಕ್ಕಳ ಚಿತ್ರಕಥೆಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ನಿಘಂಟು ನೋಡಲು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ. ಆದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟನ್ನು ಒಂದ್ಸಲ ಮೇಜಿನ ಮೇಲೆ ಇಟ್ಟುಕೊಂಡು ಪುಟ ತಿರುಗಿಸಿ ನೋಡಿ. ಹುಡುಕಲು ಹೋದ ಪದ ಮರೆತು ಪಕ್ಕದ ಹತ್ತು ಪದ ಓದಿ ಬರುತ್ತೀರಿ.

ನನಗೆ ಕಣ್ಣು ಕಾಣುವುದಿಲ್ಲ. ನನಗೇನಿದೆ?

ನಮ್ಮ ಶಾಖೆಯಲ್ಲಿ ಬ್ರೈಲ್ ಪುಸ್ತಕಗಳು ಬೆರಳೆಣಿಕೆಯಷ್ಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಾರಿ ಇದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ ಕಿವಿಯಿಂದ ಕೇಳಿಸಿಕೊಳ್ಳಬಹುದಾದ ಪುಸ್ತಕಗಳಿವೆ. ಮುದ್ರಿತ ಪುಸ್ತಕ ಓದಲಾಗದವರಿಗೆ ಅದರ ಸದಸ್ಯತ್ವ ಸಿಗುತ್ತದೆ. ಇಂಥವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಲೇಖಕರ ಅನುಮತಿ ಬೇಡ ಅಂತ 2012ರಲ್ಲೇ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. ನೋಂದಣಿಗೆ ಪ್ರಮಾಣಪತ್ರ ತನ್ನಿ, ಕೂತು ಮಾಡಿಕೊಡುತ್ತೇವೆ.

ಪೂರ್ತಿ ಪುಸ್ತಕ ಜೆರಾಕ್ಸ್ ಮಾಡಿಸಬಹುದಾ?

ಸ್ವಂತ ಓದಿಗೆ ಕೆಲವು ಪುಟ ಮಾಡಿಸಿಕೊಳ್ಳಿ, ಅಡ್ಡಿಯಿಲ್ಲ. ಪೂರ್ತಿ ಪುಸ್ತಕ ಅಂದರೆ ಕಾನೂನು ಅಡ್ಡ ಬರುತ್ತದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ. ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡರು, ಅವರ ಕವಿತೆಗಳಿಗೆ ಈಗ ತಡೆಯಿಲ್ಲ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅವರದ್ದಕ್ಕೆ 2041 ಮುಗಿಯಬೇಕು.

ನಮ್ಮೂರಿನ ಇತಿಹಾಸ ಹುಡುಕುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಈ ಪ್ರಶ್ನೆ ಬಂದರೆ ನಮಗೆ ಖುಷಿ. ಬಾಗಿಲು ಹಾಕುವ ಹೊತ್ತಾದರೂ ಪರವಾಗಿಲ್ಲ, ಕೂರಿ ಅನ್ನುತ್ತೇವೆ.

ಮೊದಲು ಜಿಲ್ಲಾ ಗೆಜೆಟಿಯರ್ ತೆಗೆಯಿರಿ. ಮಳೆ, ಬೆಳೆ, ಸಂತೆ, ಜಾತ್ರೆ, ಹಳೆ ಆಡಳಿತ ಎಲ್ಲ ಒಂದೇ ಕಡೆ ಸಿಗುತ್ತದೆ. ಆಮೇಲೆ ಶಾಸನ ಸಂಪುಟಗಳು. ಆಗಿನ ಮೈಸೂರು ಸಂಸ್ಥಾನದ ಅಧಿಕಾರಿ ಬಿ.ಎಲ್. ರೈಸ್ ಹಳೇ ಮೈಸೂರು ಸೀಮೆ ಮತ್ತು ಕೊಡಗಿನ ಶಾಸನಗಳನ್ನು ಹುಡುಕಿಸಿ, ಓದಿಸಿ, 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ಹೆಸರು. ಮೊದಲ ಸಂಪುಟ ಬಂದಿದ್ದು 1886ರಲ್ಲಿ. ಅದರ ಅನುಕೂಲ ಏನು ಅಂದರೆ, ಹೆಚ್ಚಾಗಿ ಜಿಲ್ಲೆವಾರು ಸಂಪುಟ, ಒಳಗೆ ತಾಲ್ಲೂಕುವಾರು ನಂಬರ್. ಏಳನೇ ಸಂಪುಟದಲ್ಲಿ ಶಿಕಾರಿಪುರ 176 ಅಂತ ನೋಡಿದರೆ ಕದಂಬರ ತಾಳಗುಂದದ ಕಂಬದ ಶಾಸನ. ಹಾಗೇ ನಿಮ್ಮ ತಾಲ್ಲೂಕಿನ ಭಾಗ ತೆರೆದು ಊರಿನ ಹೆಸರಿಗೆ ಬೆರಳಾಡಿಸುತ್ತಾ ಹೋಗಿ.

ಒಬ್ಬ ಹುಡುಗ ಹೀಗೇ ಹುಡುಕುತ್ತಾ ಬಂದಿದ್ದ. ಅವರ ಊರಿನ ಕೆರೆ ಏರಿಯ ಮೇಲೆ ಎಮ್ಮೆ ಕಟ್ಟುವ ಒಂದು ಕಲ್ಲಿದೆ, ಅದರಲ್ಲಿ ಅಕ್ಷರ ಕಂಡ ಹಾಗಾಯ್ತು ಅಂದ. ಸಂಪುಟದಲ್ಲಿ ಅವನ ಊರಿನ ಹೆಸರಿನ ಕೆಳಗೆ ಒಂದು ವೀರಗಲ್ಲು ಇತ್ತು. ಇರುವ ಜಾಗ: ಕೆರೆ ಏರಿಯ ಬಳಿ. ದನ ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು. ಹುಡುಗ ಆ ನಾಲ್ಕು ಸಾಲನ್ನು ಕೈಯಲ್ಲೇ ಬರೆದುಕೊಂಡ, ಜೆರಾಕ್ಸ್ ಬೇಡ ಅಂದ. ಎಮ್ಮೆಯನ್ನು ಈಗ ಬೇರೆ ಕಡೆ ಕಟ್ಟುತ್ತಾರಂತೆ.

ಶಾಸನಗಳನ್ನು ಓದುವಾಗ ಹಳಗನ್ನಡ ತೊಡರುತ್ತದೆ. ಜೊತೆಗಿರುವ ಇಂಗ್ಲಿಷ್ ಅನುವಾದ ನೋಡಬಹುದು. ಊರಿನ ನಿವೃತ್ತ ಕನ್ನಡ ಮೇಷ್ಟ್ರುಗಳಲ್ಲಿ ಒಬ್ಬಿಬ್ಬರು ಸಂಜೆ ಇಲ್ಲೇ ಇರುತ್ತಾರೆ, ಕೇಳಿದರೆ ಬೇಡ ಅನ್ನುವುದಿಲ್ಲ. ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ.

ಅಜ್ಜನ ಕಾಲದ ಪುಸ್ತಕಗಳಿವೆ, ತಾಳೆಗರಿಯೂ ಇದೆ. ತೆಗೆದುಕೊಳ್ಳುತ್ತೀರಾ?

ಪುಸ್ತಕಗಳನ್ನು ಮೊದಲು ನೋಡಿ ಆಮೇಲೆ ಹೇಳುತ್ತೇವೆ. ಗೆದ್ದಲು ಹಿಡಿದದ್ದು, ಹತ್ತು ವರ್ಷದ ಹಿಂದಿನ ಗೈಡುಗಳು ಬೇಡ. ದಾನ ಅಂತ ಚೀಲದಲ್ಲಿ ತುಂಬಿ ರಾತ್ರಿ ಗೇಟಿನ ಬಳಿ ಇಟ್ಟು ಹೋಗಬೇಡಿ, ಒಂದು ಚೀಲದ ಗೆದ್ದಲು ಇಡೀ ಕೋಣೆ ತಿನ್ನುತ್ತದೆ. ನಮಗೆ ಹೆಚ್ಚಾದವನ್ನು ಬೇರೆಯವರಿಗೆ ದಾಟಿಸುತ್ತೇವೆ. ಮಂಡ್ಯ ಜಿಲ್ಲೆ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆ. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟಿದ್ದಾರೆ. ಆ ಕಡೆ ಹೋದಾಗ ನೋಡಿ ಬನ್ನಿ.

ತಾಳೆಗರಿಯನ್ನು ನಾವು ಇಟ್ಟುಕೊಳ್ಳುವುದಿಲ್ಲ. ಅದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಮನೆಯಲ್ಲೂ ಕೊಬ್ಬರಿ ಎಣ್ಣೆ ಸವರುವುದು, ಲ್ಯಾಮಿನೇಷನ್ ಮಾಡಿಸುವುದು, ದಾರ ಬಿಚ್ಚಿ ಗರಿಗಳನ್ನು ಬೇರೆ ಮಾಡುವುದು ಬೇಡ. ಒಣ ಬಟ್ಟೆಯಲ್ಲಿ ಸುತ್ತಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತೋರಿಸಿ. 1891ರಲ್ಲಿ ಶುರುವಾದ ಸಂಸ್ಥೆ ಅದು. ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದು ಅಲ್ಲೇ. ಅದನ್ನು ಯಾರೋ ಒಬ್ಬರು ಪಂಡಿತರು ತಂದು ಕೊಟ್ಟಿದ್ದರು. ನಿಮ್ಮಜ್ಜನ ಕಟ್ಟಿನಲ್ಲಿ ಇರುವುದು ಬಹುಶಃ ಪಂಚಾಂಗ, ಮನೆಮದ್ದು, ಸಾಲದ ಲೆಕ್ಕ. ಆದರೂ ತೋರಿಸಿ. ಸಾಲದ ಲೆಕ್ಕವೂ ಇತಿಹಾಸವೇ.

ನಾವು ಹಳ್ಳಿಯವರು. ಪೇಟೆಗೆ ಬಂದೇ ಸದಸ್ಯರಾಗಬೇಕಾ?

ಇಲ್ಲ, ನಿಮ್ಮ ಗ್ರಾಮ ಪಂಚಾಯಿತಿಯಲ್ಲೇ ಗ್ರಂಥಾಲಯ ಇರಬೇಕು, ಈಗ ಅರಿವು ಕೇಂದ್ರ ಅನ್ನುತ್ತಾರೆ. 2019ರಲ್ಲಿ ಇವು ನಮ್ಮ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು. 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಸಂತೆ ದಿನ ಪೇಟೆಗೆ ಬರುವವರು ಇಲ್ಲಿಗೂ ಬನ್ನಿ. ಚೀಲ ಕೌಂಟರಿನಲ್ಲಿ ಇಟ್ಟುಕೊಳ್ಳುತ್ತೇವೆ. ಒಣಮೀನಿನ ಚೀಲ ಆದರೆ ಹೊರಗೆ.

ಓದುತ್ತಾ ನಿದ್ದೆ ಬಂದರೆ?

ಮಾಡಿ. ಗೊರಕೆ ಬಂದರೆ ಎಬ್ಬಿಸುತ್ತೇವೆ.

ನನಗೆ ಓದೋಕೆ ಬರಲ್ಲ. ಸುಮ್ನೆ ಬಂದು ಕೂರಬಹುದಾ?

ಬನ್ನಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಟ್ಟೆಯ ಪಕ್ಕದ ಬೆಂಚಿನಲ್ಲಿ ಐದಾರು ಜನ ಇರುತ್ತಾರೆ. ಅವರಲ್ಲಿ ಇಬ್ಬರಿಗೆ ಓದು ಬರುವುದಿಲ್ಲ, ಒಬ್ಬರಿಗೆ ಕನ್ನಡಕ ಮನೆಯಲ್ಲೇ ಮರೆಯುವ ಅಭ್ಯಾಸ. ಯಾರಾದರೊಬ್ಬರು ಪೇಪರ್ ಹಿಡಿದು ಜೋರಾಗಿ ಅಡಿಕೆಯ ಒಂದೊಂದು ಬಗೆಯ ಧಾರಣೆ ಓದುತ್ತಾರೆ. ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಗೊರಬಲು ಎಷ್ಟು. ರಾಶಿ ಇಳಿದಿದ್ದರೆ ಒಂದೆರಡು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬರು, 'ಹಂ, ಮುಂದಿನ ಪುಟ ತಿರುಗಿಸು' ಅನ್ನುತ್ತಾರೆ.